ಬೆಣಚುಕಲ್ಲಿನ ಮೇಲೆ ರೊಟ್ಟಿ

ಇಂಡಿ ಪಟ್ಟಣದಲ್ಲಿ ಮನೆ ಕಟ್ಟಿಸುವಾಗ ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಎಂಬ ಮಾತು ಬಂತು. ಕರಿ ಗ್ರಾನೈಟ್ ಎಂದೆ ನಾನು. ನಮ್ಮ ಅತ್ತೆ ಒಪ್ಪಲಿಲ್ಲ. ಮೊಣಕಾಲು ನೋವಿನಿಂದ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ಅವರಿಗೆ ನಿಂತೇಹೋಗಿತ್ತು. ಇನ್ನು ಬಡಿದರೆ ನಿಂತುಕೊಂಡು, ಕಟ್ಟೆಯ ಮೇಲೆಯೇ. ಕಲ್ಲು ಸರಿಬೀಳದಿದ್ದರೆ ಆ ಕೈಗೆ ಕೆಲಸವೇ ಇಲ್ಲ. ಅವರಿಗದು ಊಟದ ಮಾತಲ್ಲ, ಮಾನದ ಮಾತು.

"ಬಡದು ನೋಡಲಾರದ ಕಲ್ಲು ತರಬಾರದವ್ವ," ಎಂದವರೇ ಜೋಳದ ಹಿಟ್ಟು ನಾದಿ, ಡಬ್ಬಿಯಲ್ಲಿ ತುಂಬಿಕೊಂಡು ಕಲ್ಲಿನ ಅಂಗಡಿಗೆ ಹೊರಟರು. ನಾನು ನಾಚಿಕೆಯಿಂದ ಎರಡು ಹೆಜ್ಜೆ ಹಿಂದೆಯೇ ಉಳಿದೆ.

ಕೆಂಪು ಕಲ್ಲಿನ ಮೇಲೆ ರೊಟ್ಟಿ ಅಂಟಿತು. ಕರಿಕಲ್ಲಿನ ಮೇಲೆ ಚೆನ್ನಾಗಿಯೇ ತಿರುಗಿತು. "ಆದ್ರ ಕರಿ ಮ್ಯಾಲ ಎದ್ದು ಕಾಣೋ ಹಿಟ್ಟು ಒರಸಿ ಒರಸಿ ನೀ ಸಾಯ್ತಿ," ಎಂದು ನನ್ನನ್ನೇ ಚುಚ್ಚಿದರು. ಕೊನೆಗೆ ಒಂದು ಬೂದುಬಿಳಿ ಹಾಸಿನ ಮೇಲೆ ಬಡಿದರು. ರೊಟ್ಟಿ ಅಂಗೈ ಕೆಳಗೆ ಗಿರಗಿರ ತಿರುಗಿತು.

"ಬೆಣಚುಕಲ್ಲು ಪುಡಿ ಮಾಡಿ, ಅಂಟು ಕೂಡಿಸಿ ಒತ್ತಿದ್ದರಿ. ಭಾಳ ಗಟ್ಟಿ," ಎಂದರು ಅಂಗಡಿಯವರು. "ರೊಟ್ಟಿ ಬೇಯಿಸೋ ಕಾದ ಹಂಚು ಮಾತ್ರ ಇಡಬ್ಯಾಡ್ರಿ, ಅಂಟು ಸುಡತೈತಿ."

ಅತ್ತೆ ಬಿದ್ದು ಬಿದ್ದು ನಕ್ಕರು. ಅವರ ತವರು ಮುದ್ದೇಬಿಹಾಳದ ಕಡೆ. "ಬೆಣಚುಕಲ್ಲ! ಅಪ್ಪನ ಹೊಲದಾಗ ಬುಟ್ಟಿಗಟ್ಟಲೆ ಆರಿಸಿ ಒಗದೇನಿ. ಬೆನ್ನು ಹತ್ತಿ ಗಂಡನ ಮನಿಗೂ ಬಂತು ನೋಡ!"

ತವರಿನ ಕಲ್ಲೆಂದ ಮೇಲೆ ಮುಗಿಯಿತು. ನನ್ನ ಕರಿ ಗ್ರಾನೈಟ್ ಅಂಗಡಿಯಲ್ಲೇ ಉಳಿಯಿತು.

ಬೆಳಗಾದರೆ ಮನೆ ತುಂಬ ಪಟಪಟ ಸಪ್ಪಳ. ಪಕ್ಕದಲ್ಲಿ ನಿಂತು ನಾನು ಬಡಿಯುವುದು ಕಲಿತೆ. ನಾನು ಕೈ ನಿಲ್ಲಿಸಿದಾಗಲೆಲ್ಲ ಅವರದು ಒಂದೇ ಮಾತು: "ಇನ್ನೊಂದೀಟು ಬಡಿ."

ಒಂದು ದಿನ ಮಾತಿನ ಭರದಲ್ಲಿ ಅತ್ತೆಯೇ ಕಾದ ಹಂಚನ್ನು ಕಟ್ಟೆಯ ಮೇಲಿಟ್ಟರು. ಎತ್ತಿದರೆ ಕೆಳಗೆ ಹಂಚಿನಷ್ಟೇ ಅಗಲದ ದುಂಡನೆಯ ಹಳದಿ ಕಲೆ. ಮುಖ ಸಣ್ಣದಾಯಿತು. ಆಮೇಲೆ ಕಲ್ಲಿಗೇ ಬೈದರು: "ನಮ್ಮ ಹೊಲದಾಗ ಎಂಥಾ ಬಿಸಲಿಗೂ ಹಿಂಗ ಆಗಿರಲಿಲ್ಲ. ಅಂಟು ಹಾಕಿ ಕೆಡಿಸ್ಯಾರ!"

ಅತ್ತೆ ತೀರಿಕೊಂಡ ಮೇಲೆ ಪಾಲಿಶ್‌ನವರು ಆ ಕಲೆ ತೆಗೆದುಕೊಡುತ್ತೇವೆಂದರು. ಬೇಡ ಎಂದೆ. ಈಗ ಅದರ ಮೇಲೆಯೇ ರೊಟ್ಟಿ ಬಡಿಯುತ್ತೇನೆ. ಅತ್ತೆಯ ರೊಟ್ಟಿ ಹಂಚು ತುಂಬುತ್ತಿತ್ತು. ನನ್ನದರ ಅಂಚಿನಾಚೆ ಹಳದಿ ಗೆರೆ ಇಣುಕುತ್ತದೆ. ಹೇಳುವವರಿಲ್ಲವಲ್ಲ ಎಂದು ಅಳು ಬರುತ್ತದೆ. ಕಣ್ಣೊರೆಸಿಕೊಂಡು ಇನ್ನೊಂದೀಟು ಬಡಿಯುತ್ತೇನೆ.