ಕೊನೆಯ ಕೋಣೆಗೆ ಬಾರದ ವೈಫೈ

ನಾನು ಹುಟ್ಟಿ ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಚಾಳಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಗದಗಿನ ಕಡೆಯವರು, ಇಲ್ಲಿ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಆ ಮನೆಯಲ್ಲಿ ಯಾರು ಏನು ಪಿಸುಗುಟ್ಟಿದರೂ ಎಲ್ಲರಿಗೂ ಕೇಳುತ್ತಿತ್ತು. ಹಾಗಾಗಿ ಮದುವೆಯಾಗಿ ನವಿ ಮುಂಬೈಯ ಸಾನಪಾಡಾದ ಮನೆಗೆ ಬಂದಾಗ ನನಗೆ ಎಲ್ಲಕ್ಕಿಂತ ಮೊದಲು ಹಿಡಿಸಿದ್ದು ಅದರ ಉದ್ದಗಲ.

ಅದು ಜೋಡಿ ಫ್ಲ್ಯಾಟು. ಒಂದೇ ಮಹಡಿಯಲ್ಲಿ ಅಕ್ಕಪಕ್ಕದ ಎರಡು ಮನೆ, ಒಂದು ಭಾವನ ಹೆಸರಿನಲ್ಲಿ, ಇನ್ನೊಂದು ನಮ್ಮ ಹೆಸರಿನಲ್ಲಿ. ನಡುವಿನ ಗೋಡೆ ಒಡೆದು ಒಂದು ಮಾಡಿಕೊಂಡಿದ್ದರು. ಗಂಡನ ಮನೆಯವರು ಉಡುಪಿಯವರು. ಭಾವ ಸ್ಟೇಷನ್ ಕಡೆ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ನನ್ನ ಗಂಡ ಮಾತ್ರ ಆಗ ನೌಕರಿಯಲ್ಲಿದ್ದ. ನಾವಿಬ್ಬರೂ ಒಂದೇ ಇನ್ಶೂರೆನ್ಸ್ ಆಫೀಸಿನಲ್ಲಿ ಪರಿಚಯವಾದವರು. ಅತ್ತೆ, ಭಾವ, ಅವರ ಹೆಂಡತಿ, ನನ್ನ ಗಂಡ, ಎಲ್ಲರೂ ಮನೆಯಲ್ಲಿ ತುಳು ಮಾತಾಡುತ್ತಿದ್ದರು. ನನ್ನ ಕಡೆ ತಿರುಗಿದಾಗ ಕನ್ನಡ. ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಂದ ಹೊಸತರಲ್ಲಿ ನನ್ನ 'ಹೌದ್ರಿ', 'ಇಲ್ರಿ' ಕೇಳಿ ಆಕೆ ನಗುತ್ತಿದ್ದಳು. ಕೆಟ್ಟ ನಗು ಅಲ್ಲ ಅದು.

ಲಾಕ್‌ಡೌನ್ ಬಂದಾಗ ಎರಡು ಬದಲಾವಣೆಯಾದವು. ಗಂಡನ ನೌಕರಿ ಹೋಯಿತು, ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂತ. ನನ್ನ ಆಫೀಸು ಮನೆಗೆ ಬಂತು. ಕ್ಲೇಮು ಪರಿಶೀಲಿಸುವ ಕೆಲಸ ನನ್ನದು, ಇಡೀ ದಿನ ಲ್ಯಾಪ್‌ಟಾಪಿನ ಮುಂದೆ. ಆಗ ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಆನ್‌ಲೈನ್ ಕ್ಲಾಸಿಗೆ ದೊಡ್ಡಮ್ಮನ ಕಡೆಯ ಹಾಲಿನಲ್ಲಿ ಕೂರುತ್ತಿದ್ದಳು. ಲಾಕ್‌ಡೌನ್ ಮುಗಿದ ಮೇಲೂ ಕಂಪನಿ ನಮ್ಮ ವಿಭಾಗವನ್ನು ಮನೆಯಿಂದಲೇ ಮುಂದುವರಿಸಿತು.

ವೈಫೈ ಡಬ್ಬಿ ಇದ್ದದ್ದು ಭಾವನ ಕಡೆಯ ಹಾಲಿನಲ್ಲಿ, ಟೀವಿಯ ಪಕ್ಕ. ನಮ್ಮ ಕೋಣೆ ಇದ್ದದ್ದು ಇನ್ನೊಂದು ತುದಿಯಲ್ಲಿ. ನಡುವೆ ಅಡುಗೆಮನೆ, ಬಾತ್‌ರೂಮುಗಳು, ಅತ್ತೆಯ ಕೋಣೆ, ಕಾಂಕ್ರೀಟಿನ ದಪ್ಪ ಕಂಬ. ಮೊಬೈಲ್ ಹಿಡಿದುಕೊಂಡು ಮನೆಯೆಲ್ಲ ನಡೆದು ನೋಡಿದೆ. ಹಾಲಿನಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು. ಪ್ಯಾಸೇಜಿಗೆ ಬಂದರೆ ಅರ್ಧ. ನಮ್ಮ ಕೋಣೆಯ ಬಾಗಿಲು ದಾಟಿದ ಕೂಡಲೇ ಇದ್ದದ್ದೂ ಹೋಗುತ್ತಿತ್ತು. ಹೀಗಾಗಿ ನಾನು ಪ್ಯಾಸೇಜಿನಲ್ಲಿ, ಚಪ್ಪಲಿ ಇಡುವ ಕಪಾಟಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಮೀಟಿಂಗಿನ ನಡುವೆ ನನ್ನ ಹಿಂದೆ ಒದ್ದೆ ಟವೆಲ್ ಸುತ್ತಿಕೊಂಡು ಭಾವ ಹಾದುಹೋಗುವರು. ಕೆಲಸದವಳು ಕಸ ಗುಡಿಸುತ್ತ ನನ್ನ ಕಾಲು ಎತ್ತಿಸುವಳು. ಟೀಮಿನವರು ಅದಕ್ಕೆ ನಗುವ ಚಿತ್ರಗಳನ್ನು ಕಳಿಸುವರು.

ಒಂದು ಭಾನುವಾರ ಊಟದ ಹೊತ್ತಿಗೆ ಹೇಳಿದೆ. "ಭಾವ, ಆ ಡಬ್ಬಿಯನ್ನು ಮನೆಯ ನಡುವೆ ಇಟ್ಟರೆ ಎರಡೂ ಕಡೆ ಬರ್ತದೆ. ಗೋಡೆ ಒಡೆದಿದ್ದೀವಲ್ಲ, ಅಲ್ಲಿ ಮೇಲೆ ಒಂದು ಹಲಗೆ ಹೊಡೆದರೆ ಸಾಕು."

ಭಾವ ಸಾರು ಕಲಸುತ್ತಿದ್ದರು. ತಲೆ ಎತ್ತದೆ, "ಅಲ್ಲಿಗೆ ವೈರ್ ಎಳೀಬೇಕಲ್ಲ, ಫಾಲ್ಸ್ ಸೀಲಿಂಗ್ ಹಾಳಾಗ್ತದೆ. ಮೊನ್ನೆ ತಾನೇ ಮಾಡಿಸಿದ್ದು" ಎಂದರು.

"ಸೀಲಿಂಗ್ ಮುಟ್ಟೋದು ಬೇಡ. ಗೋಡೆಯ ಬುಡದಲ್ಲಿ ಪಟ್ಟಿ ಹಾಕಿ ಎಳೀತಾರೆ, ಕೇಳಿದೀನಿ."

ಆಮೇಲೆ ಅವರು ತುಳುವಿಗೆ ಹೊರಳಿದರು. ಅಕ್ಕ ಏನೋ ಹೇಳಿದಳು, ಅತ್ತೆ ಏನೋ ಹೇಳಿದರು, ನನ್ನ ಗಂಡ 'ಅಂದ್, ಅಂದ್' ಎಂದು ತಲೆಯಾಡಿಸಿದ. ಅಂದ್ ಎಂದರೆ ಹೌದು. ಅಷ್ಟು ವರ್ಷದಲ್ಲಿ ನನಗೆ ತುಳು ಚೆನ್ನಾಗಿಯೇ ಅರ್ಥವಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಆದರೂ ನನ್ನ ವಿಷಯ ಮಾತಾಡುವಾಗ ಆ ಭಾಷೆಗೇ ಹೋಗುತ್ತಿದ್ದರು, ಎದ್ದು ಪಕ್ಕದ ಕೋಣೆಗೆ ಹೋದ ಹಾಗೆ. ಟೀವಿಯ ಹತ್ತಿರ ಇದ್ದದ್ದು ಅಲ್ಲೇ ಇರಲಿ ಎಂದು ತೀರ್ಮಾನವಾಯಿತು.

ಗಂಡನಿಗೆ ಕೋಣೆಯಲ್ಲಿ ಹೇಳಿದೆ, "ನೀನಾದರೂ ಒಂದು ಮಾತು ಆಡಬಹುದಿತ್ತು."

"ಅಣ್ಣನ ಮನೆ ಅಲ್ವಾ ಅದು" ಎಂದ.

"ಇದು ಯಾರ ಮನೆ?"

ಅವನು ಫ್ಯಾನ್ ಜೋರು ಮಾಡಿ ಮಲಗಿದ.

ಕೊನೆಗೆ ನಾನೇ ರಿಪೀಟರ್ ತರಿಸಿದೆ. ಅಂಗೈಯಗಲದ ಬಿಳಿ ಪೆಟ್ಟಿಗೆ. ನಡುವೆ ಎಲ್ಲಾದರೂ ಪ್ಲಗ್ಗಿಗೆ ಚುಚ್ಚಿದರೆ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಪ್ಯಾಸೇಜಿನ ಪ್ಲಗ್ಗಿಗೆ ಹಾಕಿದೆ. ಅಂದಿನಿಂದ ನಮ್ಮ ಕೋಣೆಯಲ್ಲಿ ಕೂತು, ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ಕಿಟಕಿಯ ಪಕ್ಕ ಪುಟ್ಟ ಮೇಜು ಇಟ್ಟುಕೊಂಡೆ. ಅಷ್ಟು ದೊಡ್ಡ ಮನೆಯಲ್ಲಿ ಮೊದಲ ಸಲ ನನಗೊಂದು ಜಾಗ ಸಿಕ್ಕಿದ ಹಾಗೆ ಅನ್ನಿಸಿತು.

ಆದರೆ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮಾತ್ರ ನೆಟ್ ಹೋಗುತ್ತಿತ್ತು. ಹೋಗಿ ನೋಡಿದರೆ ರಿಪೀಟರ್ ಕಿತ್ತು ಚಪ್ಪಲಿ ಕಪಾಟಿನ ಮೇಲೆ ಇಟ್ಟಿರುತ್ತಿತ್ತು. ಇಸ್ತ್ರಿಗೆ ಯಾರೋ ತೆಗೆದಿರಬೇಕು ಅಂದುಕೊಂಡು ಮತ್ತೆ ಚುಚ್ಚುತ್ತಿದ್ದೆ. ಅಕ್ಕನನ್ನು ಕೇಳಿದರೆ, "ನಾನೆಂತಕ್ಕೆ ತೆಗೀಲಿ ಮಾರಾಯ್ತಿ, ನಂಗೆ ಅದು ಎಂತದು ಅಂತಲೇ ಗೊತ್ತಿಲ್ಲ" ಎಂದಳು. ಅತ್ತೆ, "ಅದರ ದೀಪ ಮಿಣಮಿಣ ಅಂತದೆ, ಆದರೆ ನಾನು ಮುಟ್ಟಲಿಲ್ಲಪ್ಪ, ಶಾಕ್ ಹೊಡೆದರೆ?" ಎಂದರು. ಅದರ ಮೇಲೆ 'ದಯವಿಟ್ಟು ತೆಗೆಯಬೇಡಿ' ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ. ಕಾಗದ ಹಾಗೇ ಇರುತ್ತಿತ್ತು, ರಿಪೀಟರ್ ಮಾತ್ರ ಕೆಳಗೆ ಬಂದಿರುತ್ತಿತ್ತು.

ಆ ವರ್ಷ ನಮ್ಮ ವಿಭಾಗದಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಯಿತು. ಸಂದರ್ಶನ ವೀಡಿಯೊದಲ್ಲಿ, ಅದೂ ಮಧ್ಯಾಹ್ನ. ಹಿಂದಿನ ದಿನ ಎಲ್ಲರಿಗೂ ಹೇಳಿದೆ. ಅಂದು ಬೆಳಿಗ್ಗೆಯೂ ಹೇಳಿದೆ. ಅತ್ತೆ ದೇವರ ಮುಂದೆ ದೀಪ ಹಚ್ಚಿ, "ಒಳ್ಳೇದಾಗ್ತದೆ" ಎಂದರು. ನಾನು ಒಳ್ಳೆಯ ಸೀರೆ ಉಟ್ಟು, ಮೇಜಿನ ಮುಂದೆ ಕೂತೆ.

ಸಂದರ್ಶನ ಚೆನ್ನಾಗಿ ಶುರುವಾಯಿತು. ಪರದೆಯಲ್ಲಿ ಮೂವರು ದೊಡ್ಡವರು. ನಾನು ತಪ್ಪು ಕ್ಲೇಮೊಂದನ್ನು ಹೇಗೆ ಹಿಡಿದೆ ಎಂದು ವಿವರಿಸುತ್ತಿದ್ದೆ. ಅವರಲ್ಲೊಬ್ಬಾಕೆ ತಲೆಯಾಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಆಕೆಯ ತಲೆ ಓರೆಯಾಗಿಯೇ ನಿಂತುಬಿಟ್ಟಿತು. ನನ್ನ ಮಾತು ನನಗೇ ಕೇಳಿಸುತ್ತಿತ್ತು, ಆ ಕಡೆ ಯಾರಿಗೂ ಕೇಳುತ್ತಿರಲಿಲ್ಲ. ಫೋನಿನ ನೆಟ್ ಹಚ್ಚಿ ನೋಡಿದೆ, ನಮ್ಮ ಕೋಣೆಯಲ್ಲಿ ಅದೂ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಪ್ಯಾಸೇಜಿಗೆ ಓಡಿದೆ.

ನನ್ನ ಗಂಡ ಅಲ್ಲಿ ನಿಂತಿದ್ದ. ಕೈಯಲ್ಲಿ ರಿಪೀಟರ್.

ಹಾಲಿನಲ್ಲಿ ಭಾವ ಕಾಲು ಚಾಚಿ ಕೂತು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಮೇಲೆ ಅಣ್ಣತಮ್ಮ ಇಬ್ಬರೂ ಊಟಕ್ಕೆ ಮನೆಗೆ ಬಂದು, ಸ್ವಲ್ಪ ಹೊತ್ತು ಮ್ಯಾಚ್ ನೋಡಿ ಮತ್ತೆ ಹೋಟೆಲಿಗೆ ಹೋಗುವುದು ರೂಢಿ. ಆ ಟೀವಿ ನಡೆಯುತ್ತಿದ್ದದ್ದು ಇದೇ ನೆಟ್ಟಿನಲ್ಲಿ.

"ಅಣ್ಣನಿಗೆ ಚಿತ್ರ ಸಿಕ್ಕಿಕೊಳ್ತಾ ಇತ್ತು" ಎಂದ ಮೆಲ್ಲಗೆ. "ಇದು ಎಲ್ಲ ಎಳ್ಕೊಳ್ತದೆ ಅಂತಾನೆ. ಹತ್ತು ನಿಮಿಷಕ್ಕೆ ತೆಗೆದೆ ಅಷ್ಟೇ."

"ದಿನಾ ನೀನೇ ತೆಗೀತಿದ್ಯಾ?"

ಅವನು ಕಾಗದ ಅಂಟಿಸಿದ ಆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ.

ಮತ್ತೆ ಚುಚ್ಚಿದೆ. ದೀಪ ಕೆಂಪಾಗಿ ಮಿನುಗುತ್ತ ಹಸಿರಾಗಲು ಹೊತ್ತು ತೆಗೆದುಕೊಂಡಿತು. ನಾನು ಮರಳಿ ಸೇರಿದಾಗ ಅವರು ಮುಂದಿನ ಅಭ್ಯರ್ಥಿಯನ್ನು ಕರೆದಾಗಿತ್ತು. "ತೊಂದರೆ ಇಲ್ಲ, ನಾವು ತಿಳಿಸ್ತೇವೆ" ಎಂದರು. ತಿಳಿಸಿದರು. ಆ ಜಾಗ ಠಾಣೆಯ ವರ್ತಕ ನಗರದಲ್ಲಿರುವ, ನನಗಿಂತ ಎಷ್ಟೋ ಕಿರಿಯಳಾದ ಹುಡುಗಿಗೆ ಹೋಯಿತು. ಮರುವಾರದಿಂದ ನಾನು ಅವಳಿಗೆ ವರದಿ ಒಪ್ಪಿಸತೊಡಗಿದೆ. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಇಲ್ಲ.

ನಾನು ಜಗಳ ಮಾಡಲಿಲ್ಲ. ನಮ್ಮ ಕಡೆಯ ಬಾಗಿಲಿನಿಂದ ನನ್ನದೇ ಒಂದು ಕನೆಕ್ಷನ್ ಹಾಕಿಸಿದೆ. ವೈರಿನವನು ಬಂದು ನಮ್ಮ ಕೋಣೆಯ ಗೋಡೆಗೆ ಡಬ್ಬಿ ಕೂರಿಸಿ ಹೋದ.

ಆ ಸಂಜೆ ಭಾವ ಹೋಟೆಲಿನಿಂದ ಬಂದವರು ಚಪ್ಪಲಿ ಬಿಡುತ್ತ ಆ ಹೊಸ ವೈರು ನೋಡಿದರು. ಅಡುಗೆಮನೆಗೆ ಹೋಗಿ ಅತ್ತೆಯ ಹತ್ತಿರ ತುಳುವಿನಲ್ಲಿ ಮಾತಾಡಿದರು. ಅದರಲ್ಲಿ 'ಬೇತೆ' ಎಂಬ ಮಾತು ಮತ್ತೆ ಮತ್ತೆ ಬಂತು. ಬೇತೆ ಎಂದರೆ ಬೇರೆ.

ಅತ್ತೆ ಹೊರಗೆ ಬಂದು ನನ್ನನ್ನು ಕನ್ನಡದಲ್ಲಿ ಕೇಳಿದರು, "ಬೇರೆ ಕನೆಕ್ಷನ್ ಎಂತಕ್ಕೆ? ಇದ್ದದ್ದು ಸಾಲಲಿಲ್ವಾ?"

"ಇದ್ದದ್ದು ನನ್ನವರೆಗೆ ಬರಲಿಲ್ರಿ ಅತ್ತೆ."

"ಇವತ್ತು ನೆಟ್ ಬೇರೆ, ನಾಳೆ ಒಲೆ ಬೇರೆ" ಎಂದರು ಭಾವ ಒಳಗಿನಿಂದ, ಈ ಸಲ ಕನ್ನಡದಲ್ಲೇ, ನನಗೆ ಕೇಳಲಿ ಎಂದು.

ನನ್ನ ಗಂಡ ಟೀವಿಯ ರಿಮೋಟ್ ಹುಡುಕತೊಡಗಿದ.

ಭಾವ ಹೇಳಿದ ಹಾಗೇ ಆಯಿತು. ನಾಳೆಯೇ ಅಲ್ಲ, ಆದರೆ ಹೆಚ್ಚು ದಿನ ಹಿಡಿಯಲಿಲ್ಲ. ಮೊದಲು ಅಕ್ಕ ಬೆಳಗಿನ ತಿಂಡಿಗೆ ನಮ್ಮನ್ನು ಕರೆಯುವುದು ಬಿಟ್ಟಳು. ಆಮೇಲೆ ಹಾಲಿನವನಿಗೆ ಎರಡು ಕಡೆ ಹಾಲು ಹಾಕಲು ಹೇಳಿದರು. ಹೋಟೆಲಿನಲ್ಲಿ ನನ್ನ ಗಂಡನನ್ನು ಗಲ್ಲಾದಿಂದ ಎಬ್ಬಿಸಿ ಪಾರ್ಸೆಲ್ ಕೌಂಟರಿಗೆ ನಿಲ್ಲಿಸಿದರು. ಅಲ್ಲಿ ಅವನಿಗೆ ನಿಲ್ಲಲಾಗಲಿಲ್ಲ. ಕಾಮೋಠೆಯಲ್ಲಿ ಒಂದು ಕೊರಿಯರ್ ಗೋದಾಮಿನಲ್ಲಿ ಕೆಲಸ ಹಿಡಿದ. ಒಂದು ಶನಿವಾರ ಗಾರೆಯವರು ಬಂದರು. ಹಿಂದೆ ಒಡೆದಿದ್ದ ಜಾಗದಲ್ಲೇ ಹಗುರ ಇಟ್ಟಿಗೆಯ ಗೋಡೆ, ಸಂಜೆಯೊಳಗೆ ಎದ್ದು ನಿಂತಿತು. ಅತ್ತೆಯ ಕೋಣೆ ನಮ್ಮ ಕಡೆಗೆ ಬಂತು. ಅತ್ತೆ ಮಾತ್ರ ದೊಡ್ಡ ಮಗನ ಕಡೆ ಉಳಿದರು. ಅವರ ಮಂಚ ದಾಟಿಸುವಾಗ ನಾನು ಒಂದು ಕಾಲು ಹಿಡಿದುಕೊಂಡಿದ್ದೆ. ಆ ಕಡೆ ಹಿಡಿದಿದ್ದ ಅಕ್ಕ, "ಇಷ್ಟಕ್ಕೆಲ್ಲ ಹೀಗೆ ಆಗ್ಬೇಕಿತ್ತಾ?" ಎಂದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ಅಳು ಬರಲಿಲ್ಲ.

ನನ್ನ ಮಗಳು ಕಾಲೇಜಿನಿಂದ ಬಂದವಳು ಇವತ್ತಿಗೂ ಮೊದಲು ದೊಡ್ಡಮ್ಮನ ಬಾಗಿಲಿನ ಬೆಲ್ಲೇ ಒತ್ತುತ್ತಾಳೆ. ಅವಳ ಓದು, ಆನ್‌ಲೈನ್ ಟ್ಯೂಷನ್ ಎಲ್ಲ ಅಲ್ಲೇ. "ನಮ್ಮ ಮನೆಯಲ್ಲೂ ಈಗ ಒಳ್ಳೆ ನೆಟ್ ಇದೆಯಲ್ಲ" ಎಂದರೆ ಹಿಂದಿಯಲ್ಲಿ, "ಮಮ್ಮಿ, ಮೈ ಉಧರ್ ಹೀ ಬೈಠೂಂಗಿ" ಎನ್ನುತ್ತಾಳೆ. ಅಲ್ಲೇ ಕೂರುತ್ತಾಳಂತೆ. ತಡೆಯುವುದಿಲ್ಲ ನಾನು.

ಹೋದ ವರ್ಷ ಕಂಪನಿ ಎಲ್ಲರನ್ನೂ ಠಾಣೆಯ ಆಫೀಸಿಗೆ ವಾಪಸು ಕರೆಯಿತು. ಇನ್ನು ಮನೆಯಿಂದ ಕೆಲಸವಿಲ್ಲ. ಬೆಳಿಗ್ಗೆ ಸಾನಪಾಡಾದಿಂದ ಠಾಣೆ ಲೋಕಲ್ ಹಿಡಿಯುತ್ತೇನೆ, ನಿಂತೇ ಹೋಗುತ್ತೇನೆ. ಇಡೀ ಹಗಲು ನಮ್ಮ ಕಡೆಯ ಮನೆಯಲ್ಲಿ ಯಾರೂ ಇರುವುದಿಲ್ಲ.

ಮೊನ್ನೆ ತಲೆನೋವೆಂದು ಮಧ್ಯಾಹ್ನವೇ ಹೊರಟು ಬಂದೆ. ಗಂಡನಿಗೆ ವಾರದ ರಜೆ. ನಮ್ಮ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದ. ಚಿತ್ರ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಗೋಡೆಯ ಆ ಕಡೆ ಭಾವನ ಟೀವಿಯಲ್ಲೂ ಅದೇ ಮ್ಯಾಚು. ಯಾರೋ ಔಟಾದಾಗ ಭಾವ ಕೂಗಿದ್ದು ಕೇಳಿಸಿತು. ಇವನು ಆ ಗೋಡೆಯ ಕಡೆ ನೋಡಿದ.

"ನೀನು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ದರೆ ಆಗ್ತಿತ್ತು" ಎಂದ. ಸಿಟ್ಟಿನಿಂದಲ್ಲ, ಬಹಳ ದಿನದಿಂದ ಹೇಳಬೇಕೆಂದಿದ್ದವನ ಹಾಗೆ.

ನಾನು ಬ್ಯಾಗು ಇಳಿಸಿ, ಬಟ್ಟೆ ಬದಲಿಸಿ, ಮಾತ್ರೆ ನುಂಗಿದೆ. ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದೆ. ಅವನು ಮತ್ತೆ ಮ್ಯಾಚಿಗೆ ತಿರುಗಿದ.