ಕುವೈತಿನ ಗಡಿಯಾರ ಕಾಯುವ ಮುತ್ಯಾಲಪ್ಪ

ಬೆಳಗಿನ ಆರು ಗಂಟೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಪಕ್ಕದ ಎಸ್‌ಟಿಡಿ ಬೂತಿನ ಬಾಗಿಲು ತೆಗೆದ ಮುತ್ಯಾಲಪ್ಪ ಫೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ಊರುಗೋಲನ್ನು ಮೂಲೆಗೊರಗಿಸಿ, ಗೋಡೆಯ ಎರಡು ಗಡಿಯಾರಗಳ ಗಾಜು ಒರೆಸುತ್ತಾರೆ. ಒಂದರಲ್ಲಿ ಆರು, ಇನ್ನೊಂದರಲ್ಲಿ ಮೂರೂವರೆ. ಮೊದಲನೆಯದು ನಮ್ಮದು, ಎರಡನೆಯದು ಕುವೈತಿನದು.

ಏಳರ ಹೊತ್ತಿಗೆ ಬೆಳುಗುಪ್ಪದ ಆದೆಮ್ಮ ಬಂದು ಬೆಂಚು ಹಿಡಿಯುತ್ತಾರೆ. ಅವರ ಮಗಳು ಚೌಡೇಶ್ವರಿ ಮನೆಗೆಲಸಕ್ಕೆಂದು ಕುವೈತಿಗೆ ಹೊರಟಿದ್ದಾಳೆ, ಇಳಿದ ಕೂಡಲೇ ಈ ಬೂತಿಗೆ ಫೋನು ಮಾಡಬೇಕು. ಟಿಕೆಟ್ಟಿನ ಜೆರಾಕ್ಸಿನಲ್ಲಿ ಬೆಂಗಳೂರು ಬಿಡುವುದು ಏಳಕ್ಕೆ, ಇಳಿಯುವುದು ಒಂಬತ್ತೂವರೆಗೆ.

"ಎರಡೂವರೆ ಗಂಟೆ ಅಷ್ಟೇಯಾ ಕಣಣ್ಣ! ಇಲ್ಲಿಂದ ಹಿಂದೂಪುರಕ್ಕೇ ಬಸ್ಸು ಮೂರು ಗಂಟೆ ತಗಂತದೆ" ಎಂದು ಆದೆಮ್ಮ ಬೀಗುತ್ತಾರೆ.

ಒಂಬತ್ತೂವರೆಯಾಯಿತು, ಫೋನಿಲ್ಲ. ಹತ್ತೂವರೆಗೆ ಆದೆಮ್ಮನ ಎದೆ ಒಡೆದೇ ಹೋಯಿತು. "ಅಯ್ಯೋ ದೇವುಡಾ, ಇಮಾನ ಬಿದ್ದೋಯ್ತೇನೋ!"

"ಅಳಬ್ಯಾಡ ಕಣಮ್ಮ. ಚೀಟೀಲಿ ಇಳಿಯೋ ಹೊತ್ತು ಅಂತಿರೋದು ಅವರ ಗಡಿಯಾರದ ಟೈಮು. ಅಲ್ಲಿನ್ನೂ ಎಂಟು, ನೋಡು. ನಮಗೆ ಹನ್ನೆರಡಾಗ್ಬೇಕು. ದಾರಿ ಐದು ಗಂಟೇದು."

ವಾರಕ್ಕೆ ಮೂರು ನಾಲ್ಕು ಬಾರಿ ಮುತ್ಯಾಲಪ್ಪ ಇದನ್ನೇ ಹೇಳುತ್ತಾರೆ. ಶಾಲೆಯ ಹಳೆಯ ಅಟ್ಲಾಸಿನ ಮೇಲೆ ನೂಲು ಹಿಡಿದು ಅಳೆದವರು, ಆಕಾಶದಾರಿ ಸುಮಾರು ಮೂರು ಸಾವಿರದ ಐನೂರು ಕಿಲೋಮೀಟರ್ ಎಂದು. ವಿಮಾನದ ನೆರಳನ್ನೂ ಕಂಡವರಲ್ಲ, ಪಾಪ!

ಈ ಲೆಕ್ಕ ಸುಮ್ಮನೆ ಕಲಿತದ್ದಲ್ಲ. ಪೋಲಿಯೋದಿಂದ ಒಂದು ಕಾಲು ಸೋತ ಮುತ್ಯಾಲಪ್ಪನಿಗೆ ಕೂಲಿ ಆಗುತ್ತಿರಲಿಲ್ಲ. 2001ರಲ್ಲಿ ಹೆಂಡತಿ ಲಕ್ಷ್ಮೀದೇವಿ ಅಡುಗೆ ಕೆಲಸಕ್ಕೆ ಕುವೈತಿಗೆ ಹೊರಟರು. ಅಂದು ಇದೇ ಬೂತಿನ ಬೆಂಚಿನ ಮೇಲೆ ಕೂತಿದ್ದವರು ಮುತ್ಯಾಲಪ್ಪ. "ಹನ್ನೊಂದಾದ್ರೂ ಫೋನಿಲ್ಲ. ಎದ್ದು ಬೆಂಗಳೂರು ಬಸ್ಸು ಹತ್ತಿಬುಟ್ಟೆ. ಬಸ್ಸು ಪೆನುಕೊಂಡ ದಾಟೋ ಹೊತ್ಗೆ ಇಲ್ಲಿ ಫೋನು ಬಂದೈತೆ. ಮಾತಾಡಾಕೆ ನಾನಿಲ್ಲ. ಆಮ್ಯಾಕೆ ಒಂದು ತಿಂಗಳು ಅವಳ ದನಿ ಕೇಳಲಿಲ್ಲ ಕಣಮ್ಮ."

ಮುಂದಿನ ವರ್ಷ ಬೂತು ತಮ್ಮ ಕೈಗೆ ಬಂದಾಗ ಅವರು ಮೊದಲು ತಂದದ್ದು ಎರಡನೆಯ ಗಡಿಯಾರ. ಅಂದಿನಿಂದ ಫೋನು ಬರಬೇಕಾದ ದಿನ ಅವರು ಬೂತು ಬಿಟ್ಟು ಕದಲಿದ್ದಿಲ್ಲ.

ಹನ್ನೆರಡೂ ನಲವತ್ತಕ್ಕೆ ಫೋನು ಬಡಿದುಕೊಳ್ಳುತ್ತದೆ. ಆದೆಮ್ಮ ರಿಸೀವರ್ ಎತ್ತಿ ಕಿವಿಗೊತ್ತಿಕೊಳ್ಳುತ್ತಾರೆ. "ಬಂದ್ಯಾ ಮಗಾ? ಉಂಡ್ಯಾ?" ಮುತ್ಯಾಲಪ್ಪ ಮುಖ ಆಚೆ ತಿರುಗಿಸುತ್ತಾರೆ.

ಸಂಕ್ರಾಂತಿಗೆ ಲಕ್ಷ್ಮೀದೇವಿ ಬರುತ್ತಾರಂತೆ, ಮೂರು ವರ್ಷಗಳ ಮೇಲೆ. ಅಲ್ಲಿ ರಾತ್ರಿ ಹತ್ತಕ್ಕೆ ಹತ್ತಿ ಬೆಂಗಳೂರಿನಲ್ಲಿ ಬೆಳಗಿನ ಐದೂವರೆಗೆ ಇಳಿಯುತ್ತಾರೆ. "ಏಳೂವರೆ ಗಂಟೆ ಅನ್ನಿಸ್ತದೆ, ಆದ್ರೆ ಅದೂ ಐದೇಯಾ. ಏರ್‌ಪೋರ್ಟ್ ಬಾಗಿಲಾಗೆ ನಿಂತು ಅವಳು ಬರೋದು ನೋಡ್ಬೇಕು. ಅದೊಂದೇ ಆಸೆ. ಆದ್ರೆ ಅವತ್ತೂ ಯಾರಾದರೊಬ್ಬರ ಮಗಳು ಹೊರಟಿರ್ತಾಳೆ. ಬೂತು ಬುಟ್ಟು ಹೆಂಗೆ ಹೋಗ್ಲಿ?"

ಕಣ್ಣೊರೆಸಿಕೊಳ್ಳುತ್ತಿದ್ದ ಆದೆಮ್ಮ ಗೋಡೆಯ ಕಡೆ ಕೈ ತೋರಿಸುತ್ತಾರೆ. "ನೀನು ಹೋಗ್ಬಾ ಅಣ್ಣಾ. ನಾನು ಕೂತಿರ್ತೀನಿ. ಅಳೋರು ಬಂದ್ರೆ ಆ ಎರಡ್ನೇ ಗಡಿಯಾರ ತೋರಿಸ್ತೀನಿ."