ಮೂರನೆಯ ಬಟ್ಟಲಿನ ಮೊಸರು

ಇವತ್ತು ಬೆಳಿಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದವಳೇ "ಆತು, ಆತು!" ಎಂದು ಕೂಗಿಬಿಟ್ಟೆ. ಪೇಪರು ಓದುತ್ತಿದ್ದ ಯಜಮಾನರು ಬೆಚ್ಚಿ ತಲೆ ಎತ್ತಿದರು. ಮೊಸರು ಹೆಪ್ಪುಗಟ್ಟಿದ್ದಕ್ಕೆ ಯಾರಾದರೂ ಕುಣಿಯುತ್ತಾರೆಯೇ ಎನ್ನಬೇಡಿ. ನಾನು ಕುಣಿಯುತ್ತೇನೆ. ಈ ಚಟ ಹತ್ತಿದ್ದು ಮಿಶ್ರಿಕೋಟಿಯಲ್ಲಿ, ಅಪ್ಪನ ಅಕ್ಕನ ಮನೆಯಲ್ಲಿ.

ಆ ಅತ್ತೆಯ ಮನೆಯಿಂದಲೇ ನಾನು ದಿನವೂ ಬಸ್ಸು ಹಿಡಿದು ಧಾರವಾಡಕ್ಕೆ ಎಮ್ಮೆಸ್ಸಿ ಓದಲು ಹೋಗುತ್ತಿದ್ದೆ. ನೀರಿನಲ್ಲಿ ಕರಗಿಸಿದ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ಕನ್ನು ನೇರಳಾತೀತ ದೀಪದ ಬೆಳಕಿನಿಂದ ಒಡೆಯುವುದು ನನ್ನ ಪ್ರಾಜೆಕ್ಟು. ಮೊದಲು ಗಾಜಿನ ಬಾಟಲಿಯಲ್ಲಿಟ್ಟು ಕಾದೆ, ಏನೂ ಆಗಲಿಲ್ಲ. ಆ ಬೆಳಕನ್ನು ಸಾದಾ ಗಾಜೇ ತಡೆಯುತ್ತದೆಂದು ಆಮೇಲೆ ಹೊಳೆಯಿತು, ಜಾಣೆಗೆ! ಅಗಲ ತಟ್ಟೆಗೆ ಸುರಿದಿಟ್ಟ ಮೇಲೆ ಹಳದಿ ದ್ರಾವಣ ಕಂದು ಬಣ್ಣಕ್ಕೆ ತಿರುಗಿತು. ಹಿಗ್ಗಿ ಹೀರೇಕಾಯಿಯಾಗಿ ಗೈಡಿಗೆ ತೋರಿಸಿದೆ.

"ಔಷಧಿ ಒಡದಿರಬಹುದವಾ. ಆದ್ರ ಅದರ ಕಸುವು ಹೋಗೇತೇನು? ಒಡದ ಚೂರೂ ಬ್ಯಾಕ್ಟೀರಿಯಾ ಕೊಲ್ಲತಿದ್ರ?" ಎಂದರು ಅವರು. ಸೋಮವಾರದೊಳಗೆ ಸುಳಿವಾದರೂ ಬೇಕು, ಇಲ್ಲವಾದರೆ ಬೇರೆ ಪ್ರಾಜೆಕ್ಟು. ಬ್ಯಾಕ್ಟೀರಿಯಾ ಬೆಳೆಸುವ ಲ್ಯಾಬಿನಲ್ಲಿ ನನ್ನ ಪಾಳಿ ಬರುವುದು ಮುಂದಿನ ತಿಂಗಳು.

ಅಳುಮೋರೆ ಹೊತ್ತು ಮನೆಗೆ ಬಂದರೆ ಅತ್ತೆಯೂ ಸಿಟ್ಟಿನಲ್ಲಿದ್ದಳು. ಎಮ್ಮೆಯ ಕೆಚ್ಚಲು ಬಾತಿತ್ತು, ಆಂಟಿಬಯಾಟಿಕ್ ಇಂಜೆಕ್ಷನ್ ಆಗಿತ್ತು.

"ಡಾಕ್ಟರು ಹಾಲು ಚೆಲ್ಲಂದ್ರು. ಜೀವ ತಡೀಲಿಲ್ಲ, ಹೆಪ್ಪು ಹಾಕಿದೆ. ನೋಡ ಬೇ, ಮೊಸರ ಆಗವಲ್ದು!"

ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ ತಾನೆ! ಅತ್ತೆಯನ್ನು ಅಪ್ಪಿ ಗಿರ್ರನೆ ತಿರುಗಿಸಿದೆ. "ಅಯ್ಯ, ಬಿಡ ಬೇ, ಬೀಳ್ತೀನಿ!"

ಮರುದಿನ ಲ್ಯಾಬಿನಿಂದ ದ್ರಾವಣ ತಂದೆ. ಪಕ್ಕದ ಮನೆಯ ಆಕಳ ಹಾಲು, ಮೂರು ಬಟ್ಟಲು, ಮೂರಕ್ಕೂ ಅತ್ತೆಯ ಹೆಪ್ಪು. ಒಂದಕ್ಕೆ ಬರೀ ನೀರು ಬೆರೆಸಿದೆ, ಒಂದಕ್ಕೆ ಔಷಧಿಯ ನೀರು, ಮೂರನೆಯದಕ್ಕೆ ಬೆಳಕಿಗಿಟ್ಟ ಔಷಧಿಯ ನೀರು.

ಬೆಳಗಾಯಿತು. ಮೊದಲನೆಯದು ಮೊಸರು. ಎರಡನೆಯದು ಇನ್ನೂ ಹಾಲು. ಮೂರನೆಯದನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅತ್ತೆಯೇ ಬಟ್ಟಲನ್ನು ಓರೆ ಮಾಡಿದಳು.

"ಅಳ್ಳಾಡವಲ್ದು!"

ಮೂರನೆಯದೂ ಗಟ್ಟಿ ಮೊಸರು, ಔಷಧಿಯ ಕಸುವು ಹೋಗಿತ್ತು! ಇಬ್ಬರೂ ಒಲೆಯ ಮುಂದೆ ಕುಣಿದೆವು. ಟೆಟ್ರಾಸೈಕ್ಲಿನ್ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ, ನಾನು ಗೆದ್ದದ್ದು ಗೊತ್ತಿತ್ತು. ಕುಣಿತ ಮುಗಿದದ್ದೇ "ಮಜ್ಜಿಗಿ ಮಾಡೂಣು" ಎಂದು ಕಡಗೋಲು ತಂದಳು.

"ಅತ್ತೀ, ಕುಡೀಬಾರದು! ಒಡದ ಚೂರು ಒಳಗ ಏನೇನಾಗ್ಯಾವೋ!"

ಚೆಲ್ಲುವಾಗ ಅವಳ ಮುಖ ನೋಡಲಾಗಲಿಲ್ಲ. ಗೈಡು ಮಾತ್ರ ನಕ್ಕು, ಪ್ರಾಜೆಕ್ಟು ಮುಂದುವರಿಸು ಎಂದರು. ಲ್ಯಾಬಿನ ಪರೀಕ್ಷೆಯೂ ಮುಂದೆ ಅತ್ತೆಯ ಬಟ್ಟಲಿನ ಮಾತನ್ನೇ ಹೇಳಿತು.

ಇವತ್ತು ಅತ್ತೆಗೆ ಫೋನು ಹಚ್ಚಿ, ಮೊಸರು ಗಟ್ಟಿಯಾಗಿದೆ ಎಂದೆ.

"ಚೆಲ್ಲಿಲ್ಲಲ್ಲ?"

"ಇಲ್ಲತ್ತೀ."

"ಹಂಗಾರ ಉಣ್ಣು. ಅವತ್ತಿಂದೂ ಸೇರಿಸಿ ಉಣ್ಣು."

ಅಷ್ಟರಲ್ಲಿ, ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದ ಯಜಮಾನರು ಪೇಪರು ಬಿಟ್ಟೆದ್ದು ಬಂದು, ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ, ಫೋನಿಗೆ ಕೇಳುವಂತೆ ಕೂಗಿದರು: "ಅಳ್ಳಾಡವಲ್ದ್ರಿ ಅತ್ತೀ!"